ಬೈಕುಲ್ಲಾದ ಕಿಟಕಿಯಲ್ಲಿ ಕಲ್ಲುಹೂವು

ದೆವ್ವ, ಶಕುನ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುತ್ತಿದ್ದವನು ನಾನು. ಈಗ ಎದ್ದು ಹೋಗುವುದಿಲ್ಲ, ಅಷ್ಟೇ. ನಂಬುತ್ತೇನೆ ಎಂದೂ ಹೇಳಲಾರೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ದಾದರಿನ ಒಂದು ಕಾಲೇಜಿನ ಸಸ್ಯಶಾಸ್ತ್ರ ಪ್ರಯೋಗಾಲಯದಲ್ಲಿ ನಾನು ಸಹಾಯಕ. ನಮ್ಮ ಮೇಡಂ ಕಲ್ಲುಹೂವಿನ ಮೇಲೆ ಸಂಶೋಧನೆ ನಡೆಸುತ್ತಿದ್ದರು. ಮಸಾಲೆಗೆ ಹಾಕುತ್ತೇವಲ್ಲ, ಅದೇ. ಅದಕ್ಕೆ ಬೇರಿಲ್ಲ. ಗಾಳಿಯಲ್ಲಿ, ಮಳೆಯಲ್ಲಿ ಬಂದದ್ದೇ ಅದರ ಊಟ. ಗಾಳಿಯಲ್ಲಿ ಸೀಸವಿದ್ದರೆ ಅದನ್ನೂ ಎಳೆದುಕೊಂಡು ಒಳಗೇ ಇಟ್ಟುಕೊಳ್ಳುತ್ತದೆ. ಮೊದಲು ಅಂಚು ಮುರುಟುತ್ತದೆ, ಆಮೇಲೆ ಬಣ್ಣ ಹೋಗಿ ಸುಣ್ಣದಂತಾಗಿ ಸಾಯುತ್ತದೆ. ಘಟ್ಟದಿಂದ ತಂದ ಕಲ್ಲುಹೂವು ಬೆಳೆದ ಮರದ ತೊಗಟೆಯ ತುಂಡುಗಳನ್ನು ಊರಿನ ಹಲವೆಡೆ ಕಟ್ಟಿ, ಆಗಾಗ ಹೋಗಿ ನೋಡಿ ಬರೆದುಕೊಳ್ಳುವುದು ನನ್ನ ಕೆಲಸ. ಅಂಧೇರಿಯಿಂದ ಲೋಕಲ್‌ನಲ್ಲಿ ನಿಂತು ಬಂದು, ದಿನವಿಡೀ ಚಾಳುಗಳ ಮೆಟ್ಟಿಲು ಹತ್ತಿಳಿದು, ಸಂಜೆಗೆ ಕಾಲು ನನ್ನವಲ್ಲ ಅನ್ನಿಸುತ್ತಿತ್ತು.

ಬೈಕುಲ್ಲಾದಲ್ಲಿ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಸಣ್ಣ ಕಾರ್ಖಾನೆಯೊಂದಿತ್ತು. ಅದರ ಮೇಲಿನ ಒಂದೇ ಕೋಣೆಯ ಖೋಲಿಯಲ್ಲಿ ಬಿಜಾಪುರದ ಕಡೆಯ ಶಿವಪ್ಪ, ಅವನ ಹೆಂಡತಿ ಗೌರವ್ವ. ಶಿವಪ್ಪ ಕೆಳಗೆ ಭಟ್ಟಿಯ ಮುಂದೆ ದುಡಿಯುತ್ತಿದ್ದ. ಅವರ ಕಿಟಕಿಗೂ ಒಂದು ತೊಗಟೆ ಕಟ್ಟಿದ್ದೆ. ಹೋದಾಗಲೆಲ್ಲ ಗೌರವ್ವ ಚಹಾ ಕೊಡದೆ ಕಳಿಸುತ್ತಿರಲಿಲ್ಲ.

ಎರಡು ತಿಂಗಳೊಳಗೆ ಆ ಕಲ್ಲುಹೂವು ಬೆಳ್ಳಗಾಗಿ ಸತ್ತಿತು. ಶಿವಪ್ಪನಿಗೆ ಹೊಟ್ಟೆನೋವು ಹಿಡಿಯಿತು. ಮುಂಗೈ ಜೋತುಬಿದ್ದು ಕೈಯಲ್ಲಿ ಲೋಟ ನಿಲ್ಲುತ್ತಿರಲಿಲ್ಲ. ಪಿತ್ತ ಎಂದಿದ್ದರು ಗಲ್ಲಿಯ ಡಾಕ್ಟರು. ಪಿತ್ತವಲ್ಲ, ಸೀಸ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಮೇಡಂಗೆ ಹೇಳಿದೆ. "ಮಾಲಕನಿಗೆ ಗೊತ್ತಾದರೆ ನಮ್ಮನ್ನು ಒಳಗೆ ಬಿಡುವುದಿಲ್ಲ. ಕೆಲಸ ಮುಗಿಯಲಿ," ಎಂದರು. ನಾನೂ ಸುಮ್ಮನಾದೆ. ಇನ್ನೊಬ್ಬರ ಗೋಳು ಹೊರುವ ತ್ರಾಣ ನನ್ನಲ್ಲಿರಲಿಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ. ಶಿವಪ್ಪ ಚಾಪೆಯ ಮೇಲೆ ಮಲಗಿದ್ದ. ನಾನು ಕಿಟಕಿಯ ಬಳಿ ಬರೆದುಕೊಳ್ಳುವ ವಹಿ ಬಿಚ್ಚಿ ಕೂತಿದ್ದೆ. ಅವನಿಗೆ ನೋವು ಬಂತು, ಮೊಣಕಾಲು ಎದೆಗೆ ಒತ್ತಿಕೊಂಡು ನರಳಿದ. ಆಗಲೇ ಕಲ್ಲುಹೂವು ಹಸಿರಾಯಿತು. ಮಳೆಗೆ ನೆನೆದಾಗ ಆಗುವಂತೆ, ನಡುವಿನಿಂದ ಅಂಚಿನವರೆಗೆ. ನೋವು ಇಳಿಯಿತು, ಮತ್ತೆ ಬೆಳ್ಳಗಾಯಿತು. ಮುಟ್ಟಿದೆ. ಒಣಗಿದ್ದು ಬೆರಳಿಗೆ ಪುಡಿಯಾಗಿ ಹತ್ತಿತು. ಸ್ವಲ್ಪ ಹೊತ್ತಿಗೆ ಮತ್ತೆ ನೋವು, ಮತ್ತೆ ಹಸಿರು.

"ಇದಕ್ಕೆ ನೀರು ಹಾಕಿದ್ರಾ?" ಎಂದು ಗೌರವ್ವನನ್ನು ಕೇಳಿದೆ.

"ಇಲ್ರಿ ಸಾಹೇಬ್ರ, ಮುಟ್ಟಬ್ಯಾಡ ಅಂದಿದ್ರಲ್ಲ. ಎರಡು ದಿನಾ ಆತು, ಇವರಿಗೆ ಹೊಟ್ಟಿ ತಿರುವಿದಾಗೆಲ್ಲ ಹಿಂಗ ಹಸರಾಗ್ತೈತ್ರಿ. ಹೇಳಿದ್ರ ನಗ್ತೀರಿ ಅಂತ ಸುಮ್ಮನಿದ್ದೆ."

ನಾನು ನಗಲಿಲ್ಲ. ಸೀಸದ ಹೊಗೆ ಮೈಯೊಳಗೆ ಇಳಿದಿದೆ, ಈ ಕೆಲಸವನ್ನೂ ಈ ಖೋಲಿಯನ್ನೂ ಬಿಡಿ, ದೊಡ್ಡ ಆಸ್ಪತ್ರೆಗೆ ತೋರಿಸಿ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ.

ಗೌರವ್ವ ನನ್ನ ಮುಖವನ್ನೇ ನೋಡಿದಳು. "ನಿಮಗ ಇದು ಮೊದ್ಲ ಗೊತ್ತಿತ್ತೇನ್ರಿ?"

ನಾನು ವಹಿ ಮಡಚಿ ಚೀಲಕ್ಕೆ ಹಾಕಿಕೊಂಡೆ. ಅಂದು ಚಹಾ ಬರಲಿಲ್ಲ.

ಅದೇ ವಾರ ಅವರು ಆಸ್ಪತ್ರೆಗೆ ಹೋದರು, ಅಲ್ಲಿಂದ ಊರಿಗೆ. ಶಿವಪ್ಪ ಬದುಕಿಕೊಂಡ, ಆದರೆ ಬಲಗೈ ಸರಿಯಾಗಲಿಲ್ಲ ಎಂದು ಅವರ ಕಡೆಯವನೊಬ್ಬ ಆಮೇಲೆ ತಿಳಿಸಿದ. ತೊಗಟೆಯನ್ನು ನಾನೇ ಬಿಚ್ಚಿ ತಂದು ಪರೀಕ್ಷೆಗೆ ಕೊಟ್ಟೆ. ಅದರಲ್ಲಿ ಸೀಸ ತುಂಬಿತ್ತು, ಜೀವ ಎಂದೋ ಹೋಗಿತ್ತು. ಬಿಸಿಲು, ದಣಿವು, ಕಣ್ಣಿನ ಭ್ರಮೆ ಎಂದರು ಮೇಡಂ. ದಣಿದಿದ್ದೆ, ನಿಜ. ಆದರೆ ಗೌರವ್ವ ನನಗಿಂತ ಎರಡು ದಿನ ಮೊದಲೇ ಕಂಡಿದ್ದಳು.

ಆ ಕಲ್ಲುಹೂವು ಹಸಿರಾಗದಿದ್ದರೂ ಅಂದು ನಾನು ಬಾಯಿ ಬಿಡುತ್ತಿದ್ದೆ ಎಂದು ಸಮಾಧಾನ ಹೇಳಿಕೊಳ್ಳಲು ಎಷ್ಟೋ ಸಲ ನೋಡಿದ್ದೇನೆ. ಆಗಿಲ್ಲ.