ಖಾರ ಬಿಟ್ಟ ಹುಡುಗ

ಮುಂಡರಗಿಯ ಆ ಮನೆಯಲ್ಲಿ ನಮ್ಮ ಮುಂದಿಟ್ಟ ತಟ್ಟೆಗಳು ಸ್ಟೀಲಿನವೋ ಪಿಂಗಾಣಿಯವೋ, ಈಗ ಹೇಳಲಾರೆ. ಹುಡುಗಿ ಉಟ್ಟ ಸೀರೆ ಹಸಿರು ಎಂದು ನನ್ನ ನೆನಪು. ಚಿಗವ್ವ ನೀಲಿ ಅನ್ನುತ್ತಾಳೆ. ಯಾವ ಮಾತು ಮೊದಲು ಬಂತು, ಯಾವುದು ಆಮೇಲೆ, ಅದರಲ್ಲೂ ನಾನು ಹಿಂದುಮುಂದು ಮಾಡಿರಬಹುದು. ಹೋದ ವಾರದ ಸಂಗತಿಯೇ ಹೀಗೆ ಜಾರುತ್ತಿರುವಾಗ ಹಳೆಯದನ್ನು ನಂಬುವುದು ಹೇಗೆ? ಆದರೆ ಮಿರ್ಚಿ ಮಾತ್ರ ಇತ್ತು. ಅದರಲ್ಲಿ ನನಗೆ ಅನುಮಾನವಿಲ್ಲ.

ಹೆಣ್ಣು ನೋಡಲು ಹೋದದ್ದು ಚಿಗವ್ವನ ಮಗನಿಗೆ. ಚಿಗವ್ವ ಎಂದರೆ ನನ್ನ ಅವ್ವನ ತಂಗಿ, ಶಿರಹಟ್ಟಿಗೆ ಮದುವೆಯಾಗಿ ಹೋದವಳು. ಮಗ, ನನಗೆ ತಮ್ಮನಾಗಬೇಕಾದವನು, ಅಲ್ಲೇ ಮನೆಯ ಬೀಜ-ಗೊಬ್ಬರದ ಅಂಗಡಿ ನೋಡಿಕೊಳ್ಳುತ್ತಾನೆ. ಹಿಂದೆ ಲಕ್ಷ್ಮೇಶ್ವರದ ಒಂದು ಸಂಬಂಧ, ಹುಡುಗ ಬಾಯೊಳಗೇ ಮಾತಾಡುತ್ತಾನೆ ಎಂಬ ಕಾರಣಕ್ಕೆ ಮುರಿದುಬಿದ್ದಿತ್ತು. ಈ ಸಲ ಬೆಟಗೇರಿಯಿಂದ ನನ್ನನ್ನೂ ಕರೆಸಿಕೊಂಡರು. "ಓದಿದಾಕಿ ಒಬ್ಬಾಕಿ ಜೋಡಿ ಇರ್ಲಿ. ಅವನ ಪಾಲಿಂದು ನೀನ ಮಾತಾಡಿಬಿಡು" ಎಂದಿದ್ದಳು ಚಿಗವ್ವ. ನಾನು ಅದನ್ನು ತಮಾಷೆ ಎಂದುಕೊಂಡೆ.

ಶಿರಾ ಬಂತು. ಹಿಂದೆಯೇ ಎಣ್ಣೆಯಿಂದ ಆಗಷ್ಟೇ ತೆಗೆದ ಮಿರ್ಚಿ ಭಜಿ. ಹುಡುಗಿಯ ಸೋದರಮಾವ ತಾನೇ ತಟ್ಟೆ ಹಿಡಿದು ಎಲ್ಲರ ಮುಂದೆ ಬಾಗುತ್ತಿದ್ದ.

"ತಗೋರಿ, ಬಿಸಿ ಅದಾವ. ತಿಂದು ಗದಗಿನವ್ರಿಗೆ ಹೇಳ್ರಿ, ಮಿರ್ಚಿ ಅಂದ್ರ ಹೆಂಗಿರಬೇಕು ಅಂತ."

ತಮ್ಮ ತುಟಿ ಬಿಚ್ಚದೆ ನಕ್ಕು ಕೈ ಅಡ್ಡ ಹಿಡಿದ.

"ಅವ ಖಾರ ಬಿಟ್ಟಾನ್ರಿ" ಎಂದಳು ಚಿಗವ್ವ.

ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದ ಹುಡುಗಿಯ ಅಜ್ಜಿ ಸೆಟೆದು ಕೂತಳು. "ಅಯ್ಯ ಶಿವನ! ಈ ಸೀಮ್ಯಾಗ ಹೆಂಡ್ತೀನ್ನ ಬಿಟ್ಟಾರನ್ನ ನೋಡೀನಿ, ಖಾರ ಬಿಟ್ಟಾರನ್ನ ನೋಡಿಲ್ಲವಾ!"

ಮನೆಯೆಲ್ಲ ನಕ್ಕಿತು. ತಮ್ಮನೂ ನಕ್ಕ, ತುಟಿ ಮುಚ್ಚಿಕೊಂಡೇ. ಅವನು ಚಮಚವನ್ನು ಅಡ್ಡ ತಿರುಗಿಸಿ, ಹಲ್ಲಿನ ಸಂದಿಯಿಂದ ಒಳಗೆ ಜಾರಿಸಿದಂತೆ ಶಿರಾ ತಿನ್ನುತ್ತಿದ್ದ. ಸೋದರಮಾವನಿಗೆ ಅದೂ ಹಿಡಿಸಿತು. "ತುತ್ತು ನೋಡ್ರಿ ಎಷ್ಟು ಸಣ್ಣದು. ಮಾತೂ ಕಮ್ಮಿ. ಸಂಭಾವಿತ ಹುಡುಗ. ನಮ್ಮವು ಅದಾವು, ದನಾ ಮೆಯ್ದಂಗ ತಿಂತಾವು."

ಹುಡುಗಿ ಮಾತ್ರ ನಗಲಿಲ್ಲ. ಬಿ.ಇಡಿ. ಓದುತ್ತಿರುವವಳು. ನೇರವಾಗಿ ಅವನನ್ನೇ ಕೇಳಿದಳು: "ಯಾಕ ಬಿಟ್ರಿ?"

"ಪಿತ್ತ" ಎಂದ ಅವನು. ಆ ಮನೆಯಲ್ಲಿ ಅವನು ಆಡಿದ್ದು ಅದೊಂದೇ ಮಾತು ಎಂದು ನನ್ನ ನೆನಪು. ಉಳಿದ ಪಿತ್ತದ ಕಥೆಯನ್ನೆಲ್ಲ ಚಿಗವ್ವ ಹೇಳಿದಳು.

ನನಗೆ ಆಗಲೇ ಎಲ್ಲ ತಿಳಿದುಹೋಯಿತು ಎಂದು ಬರೆಯಲು ಕೈ ಮುಂದಾಗುತ್ತದೆ. ತಿಳಿದಿರಲಿಲ್ಲ. ನಾಚಿಕೆ ಎಂದುಕೊಂಡಿದ್ದೆ.

ತಿಳಿದದ್ದು ಮುಂಡರಗಿ ದಾಟಿದ ಮೇಲೆ. ಅವನು ಕಾರನ್ನು ರಸ್ತೆಯ ಬದಿಗೆ ಹಚ್ಚಿ, ಅಂಗಿಯ ಜೇಬಿನಿಂದ ಅಡಿಕೆಯ ಪ್ಯಾಕೆಟ್ ತೆಗೆದ. ಎಲ್ಲರೂ ಮಾಡುವಂತೆ ತಲೆ ಹಿಂದಕ್ಕೆ ಚೆಲ್ಲಿ ಸುರಿದುಕೊಳ್ಳಲಿಲ್ಲ. ಅಂಗೈಗೆ ಹಾಕಿಕೊಂಡು, ಬೆರಳಿನಿಂದ ಚೂರುಚೂರೇ ಕೆನ್ನೆಯ ಒಳಗೆ ತುರುಕಿಕೊಂಡ. ಅಗ್ಗದ ಅತ್ತರಿನಂಥ ವಾಸನೆ ಕಾರಿನಲ್ಲಿ ತುಂಬಿತು. ಸ್ವಲ್ಪ ಹೊತ್ತಿಗೆ ಬಾಗಿಲು ತೆಗೆದು ಉಗುಳಲು ಹೋದ. ಬಾಯಿ ತೆರೆಯದ್ದರಿಂದ ಉಗುಳು ದೂರ ಹೋಗಲಿಲ್ಲ. ಗದ್ದದಿಂದ ಕೆಂಪು ಎಳೆಯಾಗಿ ಜೋತುಬಿತ್ತು. ಚಿಗವ್ವ ಇಸ್ತ್ರಿ ಮಾಡಿ ಕೊಟ್ಟ ಕರವಸ್ತ್ರದಿಂದ ಒರೆಸಿಕೊಂಡ.

"ಬಾಯಿ ತೆಗಿ" ಎಂದೆ.

"ಯಾಕಕ್ಕಾ?"

"ತೆಗಿಯಲೇ."

ತೆಗೆದ. ನನ್ನ ಎರಡು ಬೆರಳನ್ನು ಒಂದರ ಮೇಲೊಂದಿಟ್ಟು ನಿಲ್ಲಿಸಿದರೆ ಹಿಡಿಸದಷ್ಟು. ಒಳಗೆ ಕೆಂಪಗಿರಬೇಕಾದ ಕೆನ್ನೆ ಬಿಳಿಚಿ, ಹಳೆಯ ಚಪ್ಪಲಿಯ ತೊಗಲಿನಂತೆ ಬಿಗಿದಿತ್ತು. ಹಲ್ಲಿನ ಬುಡದಲ್ಲಿ ಕಂದು ಕೆಸರು. ಖಾರ ಅವನು ಬಿಟ್ಟದ್ದಲ್ಲ. ತಾಗಿದರೆ ಬಾಯೆಲ್ಲ ಉರಿಯುತ್ತದೆ.

"ತಂಬಾಕ ಅಲ್ಲಕ್ಕಾ ಇದು" ಎಂದ. "ಬರೇ ಅಡಿಕಿ."

ಹಿಂದಿನ ಸೀಟಿನಿಂದ ಚಿಗವ್ವ ದನಿಗೂಡಿಸಿದಳು. "ಕುಡಿಯಂಗಿಲ್ಲ, ಸೇದಂಗಿಲ್ಲ. ಹೊಲಸು ಚಟ ಒಂದಾದ್ರೂ ಐತೇನು ನನ್ನ ಮಗಗ? ಅಡಿಕಿ ದೇವರ ಮುಂದ ಇಡಂಗಿಲ್ಲೇನು?"

ನಮ್ಮ ಮನೆಗಳ ಲೆಕ್ಕವೇ ಇದು. ತಂಬಾಕು ಚಟ, ಅಡಿಕೆ ಮರ್ಯಾದೆ. ಎಲೆ-ಅಡಿಕೆ ಕೊಡದೆ ಯಾರನ್ನೂ ಕಳಿಸದ ಜನ ನಾವು. ಪ್ಯಾಕೆಟ್ಟಿನಲ್ಲಿ ಬಂದರೂ ಅದಕ್ಕೆ ಅದೇ ಮರ್ಯಾದೆ ಕೊಟ್ಟೆವು. ಅಡಿಕೆಯೊಂದೇ ಸಾಕು ಬಾಯಿ ಬಿಗಿಯಲು, ಇವತ್ತೇ ಬಿಡು ಎಂದು ಗದಗಿನ ಹಲ್ಲಿನ ಡಾಕ್ಟರು ಹೇಳಿದ್ದರಂತೆ. ಮುಂದೆ ಇದಕ್ಕಿಂತ ಕೆಟ್ಟದ್ದೂ ಆಗಬಹುದು ಎಂದಿದ್ದರಂತೆ. ಇದನ್ನು ಅವನೇ ಹೇಳಿದ, ಪ್ಯಾಕೆಟ್ಟನ್ನು ಮಡಚಿ ಜೇಬಿಗಿಡುತ್ತ.

"ಮತ್ತ?"

"ಮದಿವ್ಯಾದ ಕೂಡ್ಲೆ ಬಿಡ್ತೀನಿ."

ಅವನು ಗದಗಿನ ಕಾಲೇಜಿಗೆ ಶಿರಹಟ್ಟಿಯಿಂದ ಬಸ್ಸಿನಲ್ಲಿ ಓಡಾಡುತ್ತಿದ್ದ ದಿನಗಳಲ್ಲಿ ಒಂದೆರಡು ಸಲ ನಾನೂ ಜೊತೆಗಿದ್ದೆ. ಕಿಟಕಿಯ ಸೀಟಿಗೆ ಜಗಳ ಆಡುತ್ತಿದ್ದ. ಕರಿ ಹೊಲ, ಕಡಲೆ ಬೆಳೆ ನೋಡುವ ಆಸೆ ಹುಡುಗನಿಗೆ ಎಂದು ಬಹಳ ಕಾಲ ಪ್ರೀತಿಯಿಂದ ನೆನೆಸಿಕೊಂಡಿದ್ದೇನೆ. ಈಗ ಆ ನೆನಪಿನ ಕಿಟಕಿಯ ಕೆಳಗೆ ಉಗುಳಿನ ಕೆಂಪು ಗೀರುಗಳು ಕಾಣುತ್ತಿವೆ. ಅವು ಆಗಲೂ ಇದ್ದವೋ, ಈಗಿನ ಹೇಸಿಗೆ ಬಳಿದದ್ದೋ, ತಿಳಿಯದು. ಬಸ್ ಬಂದಾಗ ಒಂದು ಪ್ಯಾಕೆಟ್, ಇಳಿದಾಗ ಒಂದು, ಗೆಳೆಯರು ಕೊಟ್ಟರೆಂದು ಇನ್ನೊಂದು. ಯಾವೊಂದು ದಿನವೂ ಅವನು ತನ್ನ ಬಾಯಿ ಮುಚ್ಚಿಹೋಗಲಿ ಎಂದು ತೀರ್ಮಾನ ಮಾಡಿರಲಿಲ್ಲ. ಇವತ್ತು ಒಂದು, ನಾಳೆ ಬಿಟ್ಟರಾಯಿತು ಎಂದಷ್ಟೇ. ಈಗಲೂ ಅದನ್ನೇ ಅನ್ನುತ್ತಾನೆ, ನಾಳೆಯ ಜಾಗಕ್ಕೆ ಮದುವೆಯನ್ನು ತಂದಿಟ್ಟು.

ಶಿರಹಟ್ಟಿ ಮುಟ್ಟಿದಾಗ ಊಟದ ಹೊತ್ತು. ಚಿಗವ್ವ ನನಗೆ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಕೆಂಪು ಚಟ್ನಿ ಬಡಿಸಿದಳು. ಆಮೇಲೆ ಒಂದು ಬಟ್ಟಲು ತೆಗೆದುಕೊಂಡು ಇನ್ನೊಂದು ರೊಟ್ಟಿಯನ್ನು ಮುರಿದು ಹಾಕಿ, ಮೇಲೆ ಹಾಲು ಸುರಿದು, ಕಿವುಚತೊಡಗಿದಳು. ನಮ್ಮ ಕಡೆ ಹಲ್ಲಿಲ್ಲದ ಮುದುಕರಿಗೆ ಹೀಗೆ ಮಾಡಿ ಕೊಡುತ್ತಾರೆ. ಮಾತು ನನ್ನೊಡನೆ, ಕಣ್ಣು ಬಾಗಿಲ ಕಡೆ. ಕೈ ಮಾತ್ರ ತನ್ನಷ್ಟಕ್ಕೆ ತಾನು ನಡೆದಿತ್ತು. ಒಂದೆರಡು ದಿನದಲ್ಲಿ ಬರುವ ರೂಢಿಯಲ್ಲ ಅದು. ತಮ್ಮ ಹೊರಗೆ ಹೋಗಿ ಬಾಯಿ ಮುಕ್ಕಳಿಸಿ ಬಂದು, ಗಂಜಿಯಾದ ರೊಟ್ಟಿಯನ್ನು ಸುರ್ರೆಂದು ಹೀರಿದ. ನನ್ನ ತಟ್ಟೆಯ ಚಟ್ನಿ ಹಾಗೇ ಉಳಿಯಿತು. ಹೇಸಿಗೆ ಅವನ ಬಾಯಿಯ ಮೇಲೋ, ಆ ಬಟ್ಟಲಿನ ಮೇಲೋ, ಅದನ್ನು ಪ್ರೀತಿ ಎಂದು ಕರೆಯಬೇಕಾದ ನನ್ನ ಮೇಲೋ?

ಆಗ ಮುಂಡರಗಿಯ ಫೋನು ಬಂತು. ಅವರಿಗೆ ಒಪ್ಪಿಗೆಯಂತೆ. ಮುಂದಿನ ಸೋಮವಾರ ಮನೆ ನೋಡಲು ಬರುತ್ತಾರಂತೆ. ಚಿಗವ್ವನ ಮುಖ ಅರಳಿತು. "ಬರ್ರಿ ಬರ್ರಿ, ಊಟಕ್ಕ ಬರ್ರಿ" ಎಂದಳು. ಫೋನು ಹಿಡಿದ ಕೈಯ ಬೆರಳಿಗೆ ಹಾಲು-ರೊಟ್ಟಿ ಮೆತ್ತಿಕೊಂಡಿತ್ತು.

"ಸೋಮವಾರ ನಾನೂ ಬರ್ತೀನಿ" ಎಂದೆ. "ನೀ ಹೇಳದಿದ್ರ ಆ ಹುಡುಗಿಗೆ ನಾ ಹೇಳ್ತೀನಿ."

"ನೀ ನಮ್ಮ ಕಡೆಯಾಕಿ ಹೌದೋ ಅಲ್ಲೋ?" ಚಿಗವ್ವ ದನಿ ಇಳಿಸಿದಳು. "ಬಾಳೇ ಶುರುವಾಗಿಲ್ಲ, ಕಲ್ಲು ಹಾಕಾಕ ನಿಂತಿ. ಹೆಂಡ್ತಿ ಬಂದ್ರ ಎಲ್ಲಾ ಸರಿ ಆಕ್ಕೇತಿ."

ತಮ್ಮ ಬಟ್ಟಲನ್ನು ಓರೆ ಮಾಡಿ ಕೊನೆಯದನ್ನು ಹೀರುತ್ತಿದ್ದ. ಆಗಲೇ ನಾನು ಕೇಳಿದ್ದು. ಸೋಮವಾರಕ್ಕೆ ಇನ್ನೆರಡು ದಿನವಿದೆ; ಫೋನು ಮಾಡಿದರೆ ಚಿಗವ್ವ ಮಳೆ, ಅಂಗಡಿ, ಅಡುಗೆಯ ಮಾತೆಲ್ಲ ಆಡುತ್ತಾಳೆ, ಇದೊಂದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ:

"ಚಿಗವ್ವಾ, ಮದಿವ್ಯಾದ ಮ್ಯಾಲ ಅವಗ ರೊಟ್ಟಿ ಕಿವಚಿ ಕೊಡೋರು ಯಾರು?"