ಪುಟ್ಟಿ ತುಂಬಿದ ಗಾಲಿ

ಮೋಟಾರುಗಳಿಗೆ ಇನ್ನೂ ಮರದ ಗಾಲಿಗಳಿದ್ದ ಕಾಲ. ಸೊಲ್ಲಾಪುರದಲ್ಲಿ ನಾನು ಆ ಗಾಲಿಗಳಿಗೆ ಬಣ್ಣ ಹಚ್ಚುತ್ತಿದ್ದೆ. ಅಪ್ಪ ಟಾಂಗಾಗಳಿಗೆ ಹಚ್ಚಿದವನು. ಕೆಲಸ ನನ್ನ ಕೈಗೆ ಬರುವ ಹೊತ್ತಿಗೆ ಮೋಟಾರುಗಳು ಬಂದಿದ್ದವು. ನಾಲ್ಕೈದು ಸಲ ಬಣ್ಣ, ನಡುನಡುವೆ ಉಜ್ಜುವುದು, ಮೇಲೆ ವಾರ್ನಿಷ್, ಕೊನೆಗೆ ಗಾಲಿಯ ನಡುವಿನಿಂದ ಚಾಚಿದ ಪ್ರತಿ ಅರದ ಮೇಲೂ ತೆಳುವಾದ ಒಂದು ಕೆಂಪು ಗೆರೆ. ಆ ಗೆರೆ ಎಳೆಯುವಷ್ಟು ಹೊತ್ತು ಮಾತ್ರ ನನ್ನ ಮೈ ಸ್ಥಿರವಾಗಿರುತ್ತಿತ್ತು. ಉಳಿದಂತೆ ನಾನು ಒಂದು ಕಡೆ ಕೂಡುವ ಮನುಷ್ಯನಲ್ಲ.

ಚಪಳಗಾಂವದ ಕಡೆಯ ಜಮೀನುದಾರ ಮನೆತನದ ಹಿರಿಯ ಹೆಂಗಸೊಬ್ಬರು ತಮ್ಮ ಹಳೆಯ ಮೋಟಾರಿನ ನಾಲ್ಕೂ ಗಾಲಿಗಳನ್ನು ನನ್ನಿಂದ ಹೊಸದು ಮಾಡಿಸಿದರು. ಅವರನ್ನು ಎಲ್ಲರೂ ಬಾಯಾರು ಎನ್ನುತ್ತಿದ್ದರು. ಮಗಳು ಸೊಲ್ಲಾಪುರದ ದವಾಖಾನೆಯಲ್ಲಿ ಹೆತ್ತಿದ್ದಳು. ಬಾಣಂತಿಯನ್ನೂ ಕೂಸನ್ನೂ ಊರಿಗೆ ಕರೆದೊಯ್ಯುವ ದಿನ ಗಾಡಿ ಚೆಂದ ಕಾಣಬೇಕೆಂಬುದು ಅವರ ಆಸೆ.

"ಗಾಲ್ಯಾಗ ಮಾರಿ ಕಾಣಬೇಕ ನೋಡಪಾ," ಎಂದಿದ್ದರು. ಮುಖ ಕಂಡಿತು ಕೂಡ.

ಎರಡೇ ದಿನಕ್ಕೆ ಗಾಡಿ ತಿರುಗಿ ಬಂತು. ಅಕ್ಕಲಕೋಟ ರಸ್ತೆಯಲ್ಲಿ ಸ್ವಲ್ಪ ಜೋರು ಬಿಟ್ಟರೆ ಸ್ಟೇರಿಂಗ್ ಗಡಗಡ ನಡುಗುತ್ತದೆ, ನಿಧಾನ ಮಾಡಿದರೆ ಸುಮ್ಮನಾಗುತ್ತದೆ.

"ಬಣ್ಣಾ ಹಚ್ಚೂ ಮೊದ್ಲ ಹಿಂಗ ಇದ್ದಿಲ್ಲ," ಎಂದರು ಬಾಯಾರು. "ಇನ್ನ ಮೂರ ದಿನಕ್ಕ ಹೊರಡಬೇಕು. ಕೂಸಿನ ಕುತ್ತಿಗಿ ಇನ್ನಾ ನಿಂತಿಲ್ಲ. ಈ ಗಾಡ್ಯಾಗ ಹೆಂಗ ಒಯ್ಯಲಿ?"

ಕಾರಣ ನನಗೆ ಆಗಲೇ ಹೊಳೆದಿತ್ತು. ಮುಂದಿನ ಎಡಗಾಲಿಯ ಸುತ್ತಿನ ಮರ ಕಲ್ಲಿಗೆ ಬಡಿದು ಒಂದು ಕಡೆ ಅಂಗೈಯಗಲ ಕಿತ್ತುಹೋಗಿತ್ತು. ಅಲ್ಲಿಗೆ ಮರದ ತುಂಡು ಕೂಡಿಸುವುದು ತಾಳ್ಮೆಯ ಕೆಲಸ. ನಾನು ಸಫೇದಾ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಕಲಸಿ, ಆ ಪುಟ್ಟಿಯನ್ನೇ ಗಿಡಿದು ತುಂಬಿ, ಉಜ್ಜಿ, ಮೇಲೆ ಬಣ್ಣ ಎಳೆದಿದ್ದೆ. ಸಫೇದಾ ಅಂದರೆ ಸೀಸವೇ. ಕಲ್ಲಿನ ಹಾಗೆ ಭಾರ. ಆದರೂ ಬಾಯಿ ಬಿಡಲಿಲ್ಲ. "ನಮ್ಮ ಮಾವನ್ನ ಕರಸ್ತೀನ್ರಿ," ಎಂದಷ್ಟೇ ಹೇಳಿದೆ.

ಮಾವ ಎಂದರೆ ಅಕ್ಕನ ಗಂಡ, ಮಿಲ್ಲಿನಲ್ಲಿ ಫಿಟ್ಟರ್. ಅಲ್ಲಿನ ದೊಡ್ಡ ಚಕ್ರಗಳ ತೂಕ ಸರಿಮಾಡುವುದು ಅವರ ಕೆಲಸ. ಮರುದಿನ ಪಾಳಿ ಮುಗಿಸಿ ಬಂದವರೇ ಮುಂದಿನ ಗಾಲಿಗಳನ್ನು ನೆಲದಿಂದ ಎತ್ತಿ ನಿಲ್ಲಿಸಿ ಒಂದೊಂದಾಗಿ ತಿರುಗಿಸಿದರು. ಎಡಗಾಲಿ ಸುತ್ತಿ ಸುತ್ತಿ, ಹಿಂದೆ ಮುಂದೆ ತೂಗಾಡಿ, ಒಂದು ಜಾಗವನ್ನು ಕೆಳಗೆ ಮಾಡಿ ನಿಂತಿತು. ಮತ್ತೆ ತಿರುಗಿಸಿದರು. ಮತ್ತೆ ಅದೇ ಜಾಗ. ಅದು ನನ್ನ ಪುಟ್ಟಿಯ ಜಾಗವೇ. ನಾನು ಅಂಗಳದಲ್ಲಿ ಅತ್ತಿತ್ತ ಓಡಾಡತೊಡಗಿದೆ.

"ಇಲ್ಲಿ ಭಾರ ಐತಿ," ಎಂದರು ಮಾವ. "ಎದರಿನ ಬಾಜುಕ ಒಂದ ಸೀಸದ ತುಂಡ ಇಟ್ಟ ಎರಡ ಸ್ಕ್ರೂ ಹೊಡದ್ರ ಮುಗೀತು."

"ವಾರ್ನಿಷ್ ಒಡೀತೈತ್ರಿ ಮಾವ. ತಿರಗಿ ಹಚ್ಚಿದ್ರ ಒಣಗಾಕ ವಾರ ಬೇಕು."

ಅವರು ಸ್ಕ್ರೂಗಳನ್ನು ತಿರುಗಿ ಚೀಲಕ್ಕೆ ಹಾಕಿದರು. ಕೊನೆಗೆ ಹಳೆಯ ಧೋತರವನ್ನು ಹರಿದು, ಆ ಮೆತ್ತನೆ ಪಟ್ಟಿಯನ್ನು ಎದುರಿನ ಎರಡು ಅರಗಳಿಗೆ ಸುತ್ತಿ, ಅದರ ಮೇಲೆ ಸೀಸದ ತೆಳು ಹಾಳೆಯನ್ನು ಬಿಗಿದೆವು. ಸ್ವಲ್ಪ ಕತ್ತರಿಸಿ ತಿರುಗಿಸುವುದು, ಮತ್ತೆ ಕತ್ತರಿಸುವುದು. ಸಂಜೆಯೊಳಗೆ ಗಾಲಿ ಎಲ್ಲಿ ಬಿಟ್ಟರೆ ಅಲ್ಲಿ ನಿಲ್ಲತೊಡಗಿತು. ಬಣ್ಣಕ್ಕೆ ಒಂದು ಗೀರೂ ಬಿದ್ದಿರಲಿಲ್ಲ.

ಬೆಳಗಾಗುತ್ತಲೇ ಗಾಡಿಯನ್ನು ಅಕ್ಕಲಕೋಟ ರಸ್ತೆಗೆ ಒಯ್ದೆವು. ಮಾವ ಜೋರು ಬಿಟ್ಟರು. ಸ್ಟೇರಿಂಗ್ ಅಲುಗಲಿಲ್ಲ. ಅವರಿಗೆ ಖುಷಿ, ನನಗೆ ಮಾತ್ರ ಕೂತಲ್ಲಿ ಕೂಡಲಾಗಲಿಲ್ಲ. ಪುಟ್ಟಿಗೆ ಒಳಗೆ ಹಿಡಿತವಿಲ್ಲವೆಂಬುದು ನನಗೊಬ್ಬನಿಗೇ ಗೊತ್ತು. ಬಿಸಿಲಿಗೆ ಮರ ಒಣಗಿ, ಈ ವೇಗದಲ್ಲಿ ಪುಟ್ಟಿ ಕಿತ್ತು ಹಾರಿದರೆ, ಎದುರಿಗೆ ಕಟ್ಟಿದ ಸೀಸವೇ ಗಾಲಿಯನ್ನು ಕುಣಿಸುತ್ತದೆ. ಆಗ ಹಿಂದಿನ ಸೀಟಿನಲ್ಲಿ ಕೂಸು ಇರುತ್ತದೆ.

"ಮಾವ, ಗಾಡಿ ನಿಲ್ಲಸ್ರಿ," ಎಂದೆ.

ರಸ್ತೆಯ ಬದಿಗೆ ಇಳಿದು ಎಲ್ಲ ಹೇಳಿದೆ. ಅವರು ಬಗ್ಗಿ ಪುಟ್ಟಿಯ ಜಾಗವನ್ನು ಬೆರಳಿನಿಂದ ಬಡಿದು ನೋಡಿದರು. "ನಿನ್ನೆ ಹೇಳಿದ್ರ ಏನಾಗತಿತ್ತು?" ಎಂದರು. ಗಾಡಿಯನ್ನು ನಿಧಾನವಾಗಿ ಸೊಲ್ಲಾಪುರದ ಕಡೆಗೆ ತಿರುಗಿಸಿದರು.

ಬಾಯಾರ ಮುಂದೆ ನಾನೇ ಹೇಳಬೇಕಾಯಿತು. ಅವರು ಗಾಲಿಯ ಹತ್ತಿರ ಬಂದು ನಿಂತರು.

"ಅಂದ್ರ ನಾ ನೋಡಿ ಹಿಗ್ಗಿದ್ದು ಇದನ್ನ?"

"ಹೌದ್ರಿ."

"ತಗೀ ಅದನ್ನ."

ಉಳಿದ ಭಾಗಕ್ಕೆಲ್ಲ ಬಟ್ಟೆ ಸುತ್ತಿ ಕಟ್ಟಿ, ಉಳಿಯಿಂದ ಪುಟ್ಟಿಯನ್ನು ಕೆತ್ತಿದೆ. ಅದು ಹೆಚ್ಚು ಕಷ್ಟವಿಲ್ಲದೆ ಇಡಿಯಾಗಿ ಕೈಗೆ ಬಂತು. ಆ ಜಾಗಕ್ಕೆ ಸಾಗುವಾನಿಯ ತುಂಡನ್ನು ಅಳತೆಗೆ ಕೊರೆದು, ಸರೇಸಿನ ಅಂಟು ಹಚ್ಚಿ ಕೂಡಿಸಿದೆ. ಮಾವ ಎರಡು ಮರದ ಮೊಳೆ ಹೊಡೆದರು. ಅದು ಒಣಗಿದ ಮೇಲೆ, ಅರಗಳಿಗೆ ಕಟ್ಟಿದ್ದ ಸೀಸವನ್ನು ಬಿಚ್ಚಿ ಗಾಲಿಯನ್ನು ತಿರುಗಿಸಿದರೆ ಹೆಚ್ಚುಕಡಿಮೆ ತಾನೇ ಸರಿಹೋಗಿತ್ತು. ಉಳಿದ ಚೂರು ಭಾರಕ್ಕೆ, ಟೈರಿನ ಕೆಳಗಿನ ಕಬ್ಬಿಣದ ಬಳೆಯನ್ನು ಬಿಚ್ಚಿ, ಬಣ್ಣವೇ ಇಲ್ಲದ ಒಳಮೈಗೆ ಸೀಸದ ಒಂದು ಪಟ್ಟಿ ಬಡಿದೆವು. ತೇಪೆಯ ಮೇಲೆ ಒಂದೇ ಸಲ ಬಣ್ಣ ಹಚ್ಚಲು ಸಮಯವಿತ್ತು. ಮಿಂಚುವ ಗಾಲಿಯಲ್ಲಿ ಅದು ಮಂಕಾಗಿ ಎದ್ದು ಕಾಣುತ್ತಿತ್ತು.

ಹೊರಡುವ ದಿನ ಬಾಯಾರು ಅದನ್ನು ನೋಡಿ, "ಕಾಣತೈತಲ್ಲ," ಎಂದರು.

"ಒಂದ ತಿಂಗಳಿಗೆ ಬಂದ ಸರಿ ಮಾಡಿ ಕೊಡ್ತೀನ್ರಿ."

"ಬ್ಯಾಡ. ಇರ್ಲಿ ಬಿಡು," ಎಂದು ಮಗಳ ಪಕ್ಕ ಕೂತು ಕೂಸನ್ನು ಮಡಿಲಿಗೆ ತೆಗೆದುಕೊಂಡರು. ಸಂಜೆ ತಿರುಗಿ ಬಂದ ಗಾಡಿಯವನು, ದಾರಿಯುದ್ದಕ್ಕೂ ಕೂಸು ಏಳಲೇ ಇಲ್ಲವೆಂದ.

ಅದರಿಂದ ನನಗೆ ನೆಮ್ಮದಿ ಸಿಗಬೇಕಿತ್ತು. ಆದರೆ ಹಿಂದಿನ ವರ್ಷ ಹೋಟಗಿಯ ವ್ಯಾಪಾರಿಯೊಬ್ಬರ ಗಾಡಿಯ ಹಳದಿ ಗಾಲಿಗೂ ಹೀಗೇ ಪುಟ್ಟಿ ತುಂಬಿದ್ದು ನೆನಪಾಯಿತು. ಮರುದಿನ ಮೊದಲ ರೈಲಿಗೆ ಹೋಟಗಿಗೆ ಹೋದೆ. ವ್ಯಾಪಾರಿ ಆ ಗಾಡಿ ಮಾರಿ ಆರು ತಿಂಗಳಾಗಿತ್ತು. ಯಾರಿಗೆ ಎಂದು ಕೇಳಿದೆ. ಕೊಂಡವನು ಅದನ್ನು ಇನ್ನೊಬ್ಬನಿಗೆ ಕೊಟ್ಟನಂತೆ, ಆ ಇನ್ನೊಬ್ಬ ಎಲ್ಲಿಯವನೋ ಅವರಿಗೂ ಗೊತ್ತಿರಲಿಲ್ಲ. ಆಮೇಲೆ ಬಹಳ ವರ್ಷ, ಹಳದಿ ಗಾಲಿಯ ಮೋಟಾರು ಎದುರಾದರೆ ಸಾಕು, ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಅದರ ಹಿಂದೆ ಓಡುತ್ತಿದ್ದೆ.