ಹೆದರಿಸಿದ್ದು ಚಿಕ್ಕವ್ವ ಅಲ್ಲ

ನನ್ನ ಮೂರು ವರ್ಷದ ಮಗಳನ್ನು ಮಗ್ಗದ ಗುಂಡಿಯೊಳಗೆ ಇಳಿಸಿ, ಮೇಲೆ ಹೊದಿಕೆ ಮುಚ್ಚಿದವಳು ನಾನು. ನಮ್ಮ ಮನೆಯಲ್ಲಿ ಎಲ್ಲರೂ ನಂಬಿರುವಂತೆ ಮಗುವನ್ನು ಹೆದರಿಸಿದ್ದು ಚಿಕ್ಕವ್ವ ಅಲ್ಲ. ಇಷ್ಟನ್ನು ಬರೆಯಲು ನಾಲ್ಕು ವರ್ಷ ಬೇಕಾಯಿತು. ಅಷ್ಟರಲ್ಲಿ ಚಿಕ್ಕವ್ವ ಹೋಗಿಬಿಟ್ಟಳು.

ನಾನು ಕೊಳ್ಳೇಗಾಲದ ಕಡೆಯವಳು. ಹತ್ತನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿ, ಮದುವೆಯಾಗಿ ತಮಿಳುನಾಡಿನ ಅವಿನಾಶಿಯ ಹತ್ತಿರದ ಈ ಊರಿಗೆ ಬಂದೆ. ಗಂಡನ ಮನೆಯವರು ತಲೆಮಾರುಗಳಿಂದ ಇಲ್ಲಿಯ ನೇಕಾರರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಮಾತ್ರ ಇಲ್ಲಿ ಯಾರಿಗೂ ಬಾರದು. ಈ ನೋಟ್‌ಬುಕ್ಕನ್ನು ಅಡುಗೆಮನೆಯ ಕಟ್ಟೆಯ ಮೇಲೆ ಬಿಟ್ಟು ಹೋದರೂ ನನಗೆ ಭಯವಿಲ್ಲ — ಅದನ್ನೂ ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ.

ಚಿಕ್ಕವ್ವ ಎಂದರೆ ನನ್ನ ಗಂಡನ ತಾಯಿಯ ತಂಗಿ. ಮಕ್ಕಳಿಲ್ಲ. ಗಂಡ ಬೇಗ ತೀರಿಕೊಂಡಿದ್ದ. ನನ್ನ ಅತ್ತೆ ಹೋದ ಮೇಲೆ ಈ ಮನೆಯ ಹಿರಿಯಳು ಅವಳೇ. ನಾನು ಮಗ್ಗದಲ್ಲಿ ಕೂತರೆ ಪಕ್ಕದಲ್ಲಿ ರಾಟೆ ಇಟ್ಟುಕೊಂಡು ನೂಲು ಸುತ್ತಿಕೊಡುತ್ತಿದ್ದಳು. ನನ್ನ ಶಾಲೆಯ ಕನ್ನಡ ಕೇಳಿ ನಗುತ್ತಿದ್ದಳು. "ಏನಮ್ಮ ರೇಡಿಯೋ, ಇವತ್ತೇನು ನ್ಯೂಸು?" ಎನ್ನುವಳು. ಕೊನೆಯವರೆಗೂ ನನ್ನನ್ನು ರೇಡಿಯೋ ಎಂದೇ ಕರೆದಳು.

ಮಗಳು ಮಿತ್ರಾಳಿಗೆ ಹೊರಗೆ ಹೋಗುವುದನ್ನು ಕಲಿಸಿದ್ದೂ ಚಿಕ್ಕವ್ವನೇ. ಬೆಳಿಗ್ಗೆ ಎದ್ದ ಕೂಡಲೆ ಅವಳನ್ನು ಹಿತ್ತಲಿನ ನುಗ್ಗೆ ಮರದ ಕೆಳಗೆ ಕೂರಿಸಿ ಬಾಯಲ್ಲಿ ಶ್ಶ್ ಎಂದು ಸದ್ದು ಮಾಡುವಳು. ಉಚ್ಚೆಯಾದರೆ ಸಂತೋಷ, ಆಗದಿದ್ದರೆ ಬೈಗುಳವಿಲ್ಲ. ಆದ ದಿನ ಕೋಳಿಗಳಿಗೆ ಸುದ್ದಿ ಹೇಳುತ್ತಿದ್ದಳು: "ಕೇಳ್ರೇ ಕೋಳಿಗಳಾ, ನಮ್ ಪಾಪ ಹೊರಗ್ ಹೋಗಿ ಬಂದ್ಲು. ನೀವೂ ಕಲೀರಿ." ಮಗು ಬಿದ್ದು ಬಿದ್ದು ನಗುತ್ತಿತ್ತು. ಹೀಗೆ ನಗುನಗುತ್ತಲೇ ಕಲಿತಳು. ಜೂನ್ ಹೊತ್ತಿಗೆ ಶಾಲೆಗೆ ಸೇರಿಸಬಹುದು ಎಂದು ನಾವೆಲ್ಲ ನಿರಾಳವಾಗಿದ್ದೆವು.

ಆ ಬೇಸಿಗೆಯಲ್ಲಿ ನನಗೆ ಮೊದಲ ಬಾರಿಗೆ ರೇಷ್ಮೆ ಸೀರೆಯೊಂದನ್ನು ಒಪ್ಪಿಸಿದ್ದರು. ನಮ್ಮ ಅಪ್ಪ ಹತ್ತಿ ಟವೆಲ್ ನೇಯುತ್ತಿದ್ದವರು. ರೇಷ್ಮೆ ನನ್ನ ಕೈಗೆ ಬಂದದ್ದು ಅದೇ ಮೊದಲು. ಮುಹೂರ್ತದ ಸೀರೆ, ಕುಂಕುಮದ ಬಣ್ಣ. ಕೊಡಬೇಕಾದ ದಿನ ಹತ್ತಿರವಾಗಿತ್ತು, ಒಂದು ಮೊಳ ಉಳಿದಿತ್ತು. ಇದನ್ನು ಕಾರಣವೆಂದು ಬರೆಯುತ್ತಿಲ್ಲ. ಹಾಗಿತ್ತು, ಅಷ್ಟೆ.

ನಮ್ಮದು ಗುಂಡಿ ಮಗ್ಗ. ನೆಲದಲ್ಲಿ ಸೊಂಟದಾಳದ ಗುಂಡಿ, ಅದರೊಳಗೆ ಕಾಲು ಇಳಿಬಿಟ್ಟು ತುಳಿಗೆ ಒತ್ತುತ್ತ ನೇಯುವುದು. ಆ ಮಧ್ಯಾಹ್ನ ಚಿಕ್ಕವ್ವ ರೇಷನ್ ಅಂಗಡಿಗೆ ಹೋಗಿದ್ದಳು. ಮಿತ್ರಾ ಬಂದು ನನ್ನ ತೊಡೆಯೇರಿದಳು. ಇಳಿ ಎಂದೆ. ಇಳಿಯಲಿಲ್ಲ. ಲಾಳಿ ಓಡುವುದನ್ನು ನೋಡುತ್ತ ಕೂತವಳು — ಆಟದಲ್ಲಿ ಮರೆತಳು. ನನ್ನ ತೊಡೆ ಬೆಚ್ಚಗಾಯಿತು. ನೋಡಿದರೆ ಸುತ್ತಿಟ್ಟ ಸೀರೆಯ ಮೇಲೂ ಹರಿದಿತ್ತು.

ನಾನು ಎದ್ದೆ. ಅವಳ ಎರಡೂ ಕಂಕುಳಿಗೆ ಕೈ ಹಾಕಿ ಎತ್ತಿ ಗುಂಡಿಗೆ ಇಳಿಸಿದೆ. ಹತ್ತಲು ನೋಡಿದಳು, ತಲೆ ಒತ್ತಿ ಕೂರಿಸಿದೆ. ಮಗ್ಗಕ್ಕೆ ಹೊದಿಸುವ ಹಳೆಯ ದುಪ್ಪಟಿಯನ್ನು ಗುಂಡಿಯ ಬಾಯಿಗೆ ಎಳೆದೆ. "ಇನ್ನೊಂದು ಸಲ ಒದ್ದೆ ಮಾಡಿದರೆ ಇಲ್ಲೇ ಬಿಟ್ಟು ಹೋಗ್ತೀನಿ" ಎಂದೆ. ಅದೇ ಮಾತು, ಅಷ್ಟೇ ಸ್ಪಷ್ಟವಾಗಿ. ಅವಳು ಅತ್ತಳು. ಆಮೇಲೆ ಅಳು ನಿಂತಿತು. ನಿಂತದ್ದು ನನಗೆ ಕೇಳಿಸಿತು, ಆದರೂ ತೆಗೆಯಲಿಲ್ಲ. ಎರಡು ನಿಮಿಷ ಎಂದು ನಾನು ನನಗೇ ಹೇಳಿಕೊಳ್ಳುತ್ತ ಬಂದಿದ್ದೇನೆ. ಆದರೆ ಆ ಹೊತ್ತಿನಲ್ಲಿ ಸೀರೆ ಒರೆಸಿದೆ, ಎರಡು ಸಲ ನೀರು ತಂದೆ, ಫ್ಯಾನಿನ ಗಾಳಿಗೆ ಒಣಗಿಸಿದೆ. ಎರಡು ನಿಮಿಷದಲ್ಲಿ ಅಷ್ಟು ಕೆಲಸ ಯಾರಿಂದಲೂ ಆಗುವುದಿಲ್ಲ.

ಚಿಕ್ಕವ್ವ ಅಕ್ಕಿ ಚೀಲ ಇಳಿಸಿ, "ಪಾಪ ಎಲ್ಲಿ?" ಎಂದಳು. ಅವಳು ದುಪ್ಪಟಿಯ ಕಡೆ ನೋಡಿದಳು. ಬಾಗಿ ತೆಗೆದಳು. ಮಗು ತುಳಿಗೆಗಳ ನಡುವೆ ಮುದುರಿ, ಎರಡೂ ಕೈ ತೊಡೆ ಸಂದಿಗೆ ಒತ್ತಿಕೊಂಡು ಕೂತಿತ್ತು. ಅಳುತ್ತಿರಲಿಲ್ಲ. "ಚಿಕ್ಕಜ್ಜೀ, ನಾನು ಹೋಗಿಲ್ಲ. ನೋಡು, ಹೋಗಿಲ್ಲ" ಎಂದಳು.

ಚಿಕ್ಕವ್ವ ಅವಳನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು. ವಾಪಸ್ ಬಂದು ನನಗೆ ಒಂದು ಲೋಟ ನೀರು ಕೊಟ್ಟಳು. "ಕುಡಿ. ಇನ್ನೊಂದ್ಸಲ ಹಿಂಗ್ ಮಾಡ್ಬೇಡ ಕಣ್ಣು" ಎಂದಳು. ಇಲ್ಲಿ ಮುದ್ದಿನವರನ್ನು ಕಣ್ಣು ಎಂದೇ ಕರೆಯುವುದು. ಅಷ್ಟೆ. ಆ ವಿಷಯವನ್ನು ಮತ್ತೆ ಎತ್ತಲಿಲ್ಲ.

ಮರುದಿನ ಶುರುವಾಯಿತು.

ಮಿತ್ರಾ ಎದ್ದು ಒಮ್ಮೆ ಹೋದಳು. ಹಲ್ಲುಜ್ಜುವ ಮೊದಲು ಇನ್ನೊಮ್ಮೆ. ಇಡ್ಲಿ ಬಾಯಿಗಿಡುವಾಗ, "ಅಮ್ಮ, ಬರುತ್ತೆ." ಕರೆದುಕೊಂಡು ಹೋದರೆ ನಾಲ್ಕು ಹನಿ. ಕೈ ತೊಳೆಸಿ ಕೂರಿಸಿದರೆ ಹತ್ತು ನಿಮಿಷಕ್ಕೆ ಮತ್ತೆ. ಆಟದ ನಡುವೆ ಸಟ್ಟನೆ ನಿಂತು ಚಡ್ಡಿ ಮುಟ್ಟಿ ನೋಡಿಕೊಳ್ಳುವಳು, ಒಣಗಿದೆಯೇ ಎಂದು. ಬಚ್ಚಲಿನ ತಗಡಿನ ಬಾಗಿಲು ಕಿರ್ರೆನ್ನುವುದು, ಚೊಂಬು ಸದ್ದು ಮಾಡುವುದು, ಮತ್ತೆ ಬಾಗಿಲು. ಮಗ್ಗದಲ್ಲಿ ಕೂತು ನಾನು ಎಣಿಸುತ್ತಿದ್ದೆ. ಒಂದು ದಿನ ಊಟದ ಹೊತ್ತಿಗೆ ಇಪ್ಪತ್ತಾರು. ಮಲಗಿದರೆ ಮಾತ್ರ ಬೆಳಗಿನವರೆಗೂ ಹಾಸಿಗೆ ಒಣಗಿರುತ್ತಿತ್ತು. ಕಣ್ಣು ಬಿಟ್ಟರೆ ಮತ್ತೆ ಅದೇ.

ನಾನೇ ಕಾರಣ ಎಂದು ಮೊದಲ ದಿನವೇ ಗೊತ್ತಿತ್ತು. ಆದರೆ ಹಾಗಿರಲಾರದು ಎಂದುಕೊಳ್ಳಲು ಬೇರೆ ಬೇರೆ ಭಯಗಳನ್ನು ಹುಡುಕಿದೆ. ಬಿಸಿಲಿನ ಉಷ್ಣವಿರಬಹುದು. ದೃಷ್ಟಿ ಇರಬಹುದು — ಉಪ್ಪು ಮೆಣಸಿನಕಾಯಿ ನಿವಾಳಿಸಿದೆ. ಪಕ್ಕದ ಮನೆಯಾಕೆ, "ಸಕ್ಕರೆ ಕಾಯಿಲೆ ಇದ್ದರೂ ಹೀಗೆ ಆಗುತ್ತಂತೆ" ಎಂದಳು. ಅಂದಿನಿಂದ ಮಗುವಿನ ಮುಖ ಇಳಿದಿದೆಯೇ, ಕೈ ಸಣ್ಣಗಾಗಿದೆಯೇ ಎಂದು ಗಳಿಗೆಗೊಮ್ಮೆ ನೋಡಿದೆ. ಕೊನೆಗೆ ಅವಳಿಗೆ ಕೊಡುವ ನೀರನ್ನೇ ಕಡಿಮೆ ಮಾಡಿದೆ. ಆ ಬೇಸಿಗೆಯಲ್ಲಿ. ಚಿಕ್ಕವ್ವ ಕದ್ದು ಎಳನೀರು ಕುಡಿಸುವುದನ್ನು ಕಂಡು ರೇಗಿದ್ದೂ ಉಂಟು.

ಶಾಲೆಗೆ ಸೇರಿಸಿದ ಮೂರನೆಯ ದಿನ ಟೀಚರ್ ಕೈಮುಗಿದು ವಾಪಸ್ ಕಳಿಸಿದರು. ಸರಿಯಾದ ಮೇಲೆ ಕರೆತನ್ನಿ ಎಂದರು. ನನ್ನ ಗಂಡ ಸೆಂದಿಲ್ ಶರವಣಂಪಟ್ಟಿಯ ಕಂಪನಿಗಳಿಗೆ ವ್ಯಾನ್ ಓಡಿಸುತ್ತಾರೆ. ಒಂದು ದಿನ ರಜೆ ಹಾಕಿ ನಮ್ಮೆಲ್ಲರನ್ನೂ ಕೊಯಮತ್ತೂರಿನ ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಆರು ಚಡ್ಡಿಗಳಿದ್ದ ಪ್ಲಾಸ್ಟಿಕ್ ಕವರ್. ಒಂದೂ ಒದ್ದೆಯಾಗಲಿಲ್ಲ. ಅವಳು ಒಂದು ಸಲವೂ ಒದ್ದೆ ಮಾಡಿಕೊಳ್ಳುತ್ತಲೇ ಇರಲಿಲ್ಲ — ಅದೇ ಅಲ್ಲವೇ ಅವಳ ಕಷ್ಟ.

ಪುಟ್ಟ ಡಬ್ಬಿಯಲ್ಲಿ ಮೂತ್ರ ಕೊಟ್ಟೆವು, ಬೆರಳು ಚುಚ್ಚಿ ರಕ್ತ ನೋಡಿದರು. ಸೋಂಕಿಲ್ಲ, ಸಕ್ಕರೆಯಿಲ್ಲ. ಡಾಕ್ಟರು ವಯಸ್ಸಾದ ಹೆಂಗಸು, ಮೃದು ಮಾತು. ಈ ವಯಸ್ಸಿನಲ್ಲಿ ಹೀಗಾಗುವುದುಂಟು, ತಾನಾಗಿ ಹೋಗುತ್ತದೆ, ಎಣಿಸಬೇಡಿ, ಬೈಯಬೇಡಿ, ಹೊಟ್ಟೆ ತುಂಬ ನೀರು ಕೊಡಿ ಎಂದರು. ಆಮೇಲೆ ಕನ್ನಡಕ ತೆಗೆದು ನನ್ನನ್ನೇ ಕೇಳಿದರು: ಮಗು ಯಾವುದಕ್ಕಾದರೂ ಹೆದರಿದೆಯೇ? ಮನೆಯಲ್ಲಿ ಯಾರಾದರೂ ಗದರಿಸುತ್ತಾರೆಯೇ?

ಚಿಕ್ಕವ್ವ ಹೊರಗೆ ಬೆಂಚಿನ ಮೇಲೆ ಮಗುವಿನೊಂದಿಗೆ ಕೂತಿದ್ದಳು. ಗಂಡ ನನ್ನ ಮುಖ ನೋಡುತ್ತಿದ್ದರು. ನಾನು ತಮಿಳಿನಲ್ಲಿ ಹೇಳಿದೆ, "ಪಾಟಿ ಕೊಂಜಂ ಕಂಡಿಪ್ಪು." ಅಜ್ಜಿ ಸ್ವಲ್ಪ ಕಟ್ಟುನಿಟ್ಟು — ಇಷ್ಟೇ ಅದರ ಅರ್ಥ. ನಾನು ಇಲ್ಲಿಗೆ ಬಂದು ಕಲಿತ ಭಾಷೆ. ಅದರಲ್ಲಿ ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆ ಎಂದು ಗೊತ್ತಿರಲಿಲ್ಲ.

ವಾಪಸ್ ಬರುವ ಬಸ್ಸಿನಲ್ಲಿ ಗಂಡ ಚಿಕ್ಕವ್ವನನ್ನು ಕೇಳಿದರು. "ಚಿಕ್ಕವ್ವ, ನೀ ಏನಾರ ಪಾಪನ್ನ ಬೈದು, ಮೆರಟಿ ಹೆದರ್ಸಿದ್ಯಾ? ನಿಜ ಹೇಳು."

ಅವಳು ನನ್ನ ಕಡೆ ನೋಡಿದಳು. ಸಿಟ್ಟಿನಿಂದ ಅಲ್ಲ. ನೂಲು ತುಂಡಾದಾಗ ತುದಿ ಎಲ್ಲಿದೆ ಎಂದು ನೋಡುವ ಹಾಗೆ. ನಾನು ಕಿಟಕಿಯ ಕಡೆ ತಿರುಗಿದೆ.

"ಇರ್ಬೋದು ಸಾಮಿ," ಎಂದಳು. "ವಯಸಾಯ್ತಲ್ಲ. ನನ್ ಬಾಯಿಗೆ ಬೀಗ ಇಲ್ಲ."

ಆ ವಾರವೇ ಅವಳನ್ನು ಘಾಟಿಯ ಮೇಲಿನ ವಾಲ್ಪಾರೈಗೆ ಕಳಿಸಿದೆವು. ಅವಳ ಅಣ್ಣನ ಮಗ ಅಲ್ಲಿಯ ಟೀ ತೋಟದಲ್ಲಿ ಕೆಲಸಕ್ಕಿದ್ದಾನೆ, ಲೈನ್ ಮನೆ ಇದೆ. ಮಗು ಸರಿಹೋಗುವವರೆಗೆ ಎಂದು ಎಲ್ಲರೂ ಹೇಳಿದೆವು. ಅವಳು ಹೊರಡುವ ಮುಂಚೆ ಉಳಿದಿದ್ದ ನೂಲನ್ನೆಲ್ಲ ಸುತ್ತಿಟ್ಟಿದ್ದಳು. ಹದಿನೈದು ದಿನಕ್ಕೆ ಸಾಕಾಯಿತು.

ನಾನು ಎಣಿಸುವುದನ್ನು ಬಿಟ್ಟೆ. ನೀರು ಕೊಟ್ಟೆ. ಮಗು ಬರುತ್ತೆ ಎಂದರೆ ಸರಿ ಎಂದೆ. ಎರಡು ತಿಂಗಳಲ್ಲಿ ಅವಳು ಮೊದಲಿನಂತಾದಳು. ಆಗ ಗಂಡ, "ನೋಡಿದ್ಯಾ, ಚಿಕ್ಕವ್ವ ಹೋದ್ಮೇಲೆ ಸರಿಯಾಯ್ತು" ಎಂದರು. ಮಗಳು ಗುಣವಾದದ್ದೇ ಅವಳ ತಪ್ಪಿಗೆ ಸಾಕ್ಷಿಯಾಯಿತು. ಆಗಲಾದರೂ ನಾನು — ಇಲ್ಲ, ಆಗಲೂ ಬಾಯಿ ಬಿಡಲಿಲ್ಲ.

ದೀಪಾವಳಿಗೆ ಕರೆಸೋಣ ಎಂದರು. ಪೊಂಗಲ್ ಆಗಲಿ ಎಂದೆ. ಪೊಂಗಲ್ ಆದ ಮೇಲೆ ಶಾಲೆ ಮುಗಿಯಲಿ ಎಂದೆ. ಗಂಡ ಎರಡು ಸಲ ಹೋಗಿ ನೋಡಿ ಬಂದರು. ಘಾಟಿಯಲ್ಲಿ ಮಗುವಿಗೆ ವಾಂತಿಯಾಗುತ್ತದೆ ಎಂದು ನಾನು ಹೋಗಲಿಲ್ಲ. ಚಿಕ್ಕವ್ವನೇ ಆಗಾಗ ಫೋನ್ ಮಾಡಿಸುತ್ತಿದ್ದಳು. "ರೇಡಿಯೋ, ಪಾಪ ಹೆಂಗವ್ಳೆ? ಸುಮ್ನೆ ಸುಮ್ನೆ ಹೋಗ್ತಾಳಾ ಇನ್ನೂ?" ಇಲ್ಲ, ಸರಿಯಾಗಿದ್ದಾಳೆ ಎಂದರೆ, "ಅಷ್ಟು ಸಾಕು" ಎನ್ನುವಳು. ತಾನು ಬರಲಾ ಎಂದು ಅವಳು ಒಂದು ಸಲವೂ ಕೇಳಲಿಲ್ಲ. ಕೇಳಿಬಿಟ್ಟರೆ ಎಂದು ಪ್ರತಿ ಸಲವೂ ನಾನೇ ಬೇಗ ಫೋನ್ ಇಡುತ್ತಿದ್ದೆ. ಹೀಗೆ ಮೂರು ವರ್ಷ.

ಕಳೆದ ಆಡಿ, ಅಂದರೆ ಆಷಾಢ ಮಾಸದಲ್ಲಿ ಎದೆಯಲ್ಲಿ ಕಫ ಕಟ್ಟಿ ತೀರಿಕೊಂಡಳು ಎಂದು ಫೋನ್ ಬಂತು. ಆಗ ಹೋದೆ. ನಲವತ್ತು ತಿರುವುಗಳಲ್ಲಿ ಮಿತ್ರಾ ಒಂದು ಸಲವೂ ವಾಂತಿ ಮಾಡಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಅಣ್ಣನ ಮಗನ ಹೆಂಡತಿ ನನಗೆ ಟೀ ಕೊಟ್ಟು ಪಕ್ಕದಲ್ಲಿ ಕೂತಳು. ಅವಳಿಗೂ ಎರಡು ಚಿಕ್ಕ ಮಕ್ಕಳು. "ಅಜ್ಜಿ ಒಳ್ಳೇದೇ ಅಕ್ಕಾ," ಎಂದಳು. "ಆದ್ರೆ ನಮ್ ಮಕ್ಕಳ್ನ ಎತ್ಕೊಳ್ತಾ ಇರ್ಲಿಲ್ಲ. ಕೊಡೋಕ್ ಹೋದ್ರೂ ದೂರ ಸರೀತಿತ್ತು. ಊರಲ್ಲಿ ಒಂದು ಕೂಸು ನನ್ನಿಂದ ಬಯಪಟ್ಟು ಸೀಕಾಯ್ತು, ನಾನು ಮುಟ್ಟಲ್ಲ ಅಂತಿತ್ತು."

ಟೀ ನನ್ನ ಕೈಯಲ್ಲೇ ಆರಿತು. ಆ ಮಾತನ್ನು ಚಿಕ್ಕವ್ವ ನನ್ನನ್ನು ಉಳಿಸಲು ಹೇಳಿದಳೋ, ಅಥವಾ ಎಲ್ಲರೂ ಹೇಳಿ ಹೇಳಿ ಕೊನೆಗೆ ಅವಳೂ ನಂಬಿದ್ದಳೋ — ಗೊತ್ತಿಲ್ಲ. ಕೇಳಲು ಈಗ ಯಾರೂ ಇಲ್ಲ. ಕೋಳಿಗಳಿಗೆ ಮಗುವಿನ ಸುದ್ದಿ ಹೇಳುತ್ತಿದ್ದವಳು ಮೂರು ವರ್ಷ ಒಂದು ಮಗುವನ್ನೂ ಮುಟ್ಟದೆ ಇದ್ದಳು.

ಇಷ್ಟಾದರೂ ನಾನು ಬರೆಯಲು ಕೂತಿರಲಿಲ್ಲ. ಕೂರಿಸಿದ್ದು ಮಿತ್ರಾ. ಈಗ ಅವಳಿಗೆ ಏಳು. ಕಳೆದ ವಾರ ಚಿಕ್ಕವ್ವನ ಫೋಟೋಗೆ ಹೂವು ಇಡು ಎಂದೆ. ಇಡಲಿಲ್ಲ. ಏಕೆ ಎಂದೆ. "ಅವ್ಳು ನನ್ನ ಗುಂಡೀಲಿ ಹಾಕಿದ್ಲಲ್ಲ" ಎಂದಳು. ನಿನಗೆ ನೆನಪಿದೆಯಾ ಎಂದು ಹೇಗೋ ಕೇಳಿದೆ. "ಹೂಂ. ಇರುಟ್ಟು ಇತ್ತು. ಆಮೇಲೆ ಮೇಲೆ ಚಿಕ್ಕಜ್ಜಿ ಮುಖ."

ಆ ಕತ್ತಲಿನ ಕೊನೆಯಲ್ಲಿ ಕಂಡ ಮುಖ ಒಂದೇ — ಅದನ್ನೇ ಅವಳು ಇಟ್ಟುಕೊಂಡಿದ್ದಾಳೆ.

ಚಿಕ್ಕವ್ವ, ನಿನಗೆ ಯಾವ ಅಕ್ಷರವೂ ಬರುತ್ತಿರಲಿಲ್ಲ. ಗಂಡನಿಗೂ ಮಗಳಿಗೂ ಈ ಅಕ್ಷರ ಬರುವುದಿಲ್ಲ. ಯಾರೂ ಓದಲಾರದ ಜಾಗ ನೋಡಿ ತಪ್ಪೊಪ್ಪಿಕೊಂಡಿದ್ದೇನೆ. ಇದು ಸಾಲದು ಎಂದು ಗೊತ್ತು. ಈ ಭಾನುವಾರ ಗಂಡನಿಗೆ ವ್ಯಾನ್ ಓಡಿಸುವ ಕೆಲಸ ಇಲ್ಲ. ಇಬ್ಬರನ್ನೂ ಮಗ್ಗದ ಕೋಣೆಗೆ ಕರೆಯುತ್ತೇನೆ. ಮಿತ್ರಾ ಗುಂಡಿಯ ಹತ್ತಿರ ಬರುವುದಿಲ್ಲ, ಬಾಗಿಲಲ್ಲೇ ನಿಲ್ಲುತ್ತಾಳೆ. ಅಲ್ಲೇ ನಿಲ್ಲಲಿ. ಅವಳು ನನ್ನನ್ನು ಹೇಗೆ ನೋಡಿದರೂ ಈ ಸಲ ಕಿಟಕಿಯ ಕಡೆ ತಿರುಗುವುದಿಲ್ಲ. ಹೇಳುವ ಮಾತನ್ನು ಈ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ, ಆದರೆ ನೋಡಿ ಓದಬೇಕಾಗಿಲ್ಲ, ಎರಡೇ ಮಾತು:

ಗುಂಡಿ ಮುಚ್ಚಿದ್ದು ನಾನು, ಕಣ್ಣು. ತೆಗೆದಿದ್ದು ಚಿಕ್ಕಜ್ಜಿ.